ಮಾಳಿಗೆಯ ಟಾಕಿಯಲ್ಲಿ ನಾಲ್ಕು ಬೆರಳು ಜಾಗ

ಮಿರಜದಿಂದ ಸಾಂಗ್ಲಿಗೆ ಟಾಂಗಾದಲ್ಲಿ ಹೋಗುವವರು ಆ ಕಾಲದಲ್ಲಿ ದಾರಿಯಲ್ಲಿ ಎರಡು ಸಲ ನಿಲ್ಲಬೇಕಾಗುತ್ತಿತ್ತು. ಒಂದು ಸಂಸ್ಥಾನ ಮುಗಿಯುವಲ್ಲಿ ಒಂದು ಜಕಾತಿ ನಾಕೆ, ಇನ್ನೊಂದು ಸಂಸ್ಥಾನ ಶುರುವಾಗುವಲ್ಲಿ ಇನ್ನೊಂದು. ಆ ಪುಷ್ಯ ಮಾಸದ ಬೆಳಿಗ್ಗೆ ಸಾಂಗ್ಲಿ ನಾಕೆಯ ಸಿಪಾಯಿ ನನ್ನ ಟ್ರಂಕು ತೆರೆಸಿದ. ಹತ್ತಿಯ ಸುರುಳಿ, ಗಾಜಿನ ಡ್ರಾಪರ್, ಥರ್ಮಾಮೀಟರ್, ಸ್ಪಿರಿಟ್ ಬಾಟಲಿ. "ಯಾರ ಮನಿಗ್ರಿ ಬಾಯಾರ?" ಎಂದ. ಅರಿಶಿನ ವ್ಯಾಪಾರದ ಸಾವಕಾರರ ಮನೆಗೆ ಎಂದೆ. ಅವನು ಮತ್ತೇನೂ ಕೇಳದೆ ಮುಚ್ಚಳ ಹಾಕಿ, "ಲಗೂನ ಹೋಗ್ರಿ" ಎಂದು ಟಾಂಗಾದವನಿಗೆ ಕೈ ಮಾಡಿದ. ಊರಿಗೆಲ್ಲ ಸುದ್ದಿ ಮುಟ್ಟಿತ್ತು.

ಸಾವಕಾರರ ಹೆಂಡತಿ ಏಳನೇ ತಿಂಗಳಿಗೇ ಹೆತ್ತು ತೀರಿಕೊಂಡಿದ್ದಳು. ಕೂಸು ಬದುಕಿತ್ತು. ಹೆಣ್ಣು ಕೂಸು. ಮಿರಜದ ಆಸ್ಪತ್ರೆಯ ಡಾಕ್ಟರ್ ಹಿಂದಿನ ದಿನ ಹೋಗಿ ನೋಡಿ ಬಂದಿದ್ದರು. ಕೃಷ್ಣೆಯ ಕಡೆಯಿಂದ ಬೀಸುವ ಚಳಿಗಾಳಿಯಲ್ಲಿ ಅಂಥ ಕೂಸನ್ನು ಐದಾರು ಮೈಲಿ ಟಾಂಗಾದಲ್ಲಿ ತಂದರೆ ದಾರಿಯಲ್ಲೇ ಹೋಗುತ್ತದೆ ಎಂದು ಅಲ್ಲಿಯೇ ಬಿಟ್ಟು, ಆಸ್ಪತ್ರೆಯ ನರ್ಸ್ ಆಗಿದ್ದ ನನ್ನನ್ನು ಸ್ಪೆಷಲ್ ಡ್ಯೂಟಿಗೆ ಕಳಿಸಿದರು. "ಕೀಪ್ ಹರ್ ವಾರ್ಮ್," ಎಂದರು. ಬೇರೆ ಔಷಧ ಬರೆಯಲಿಲ್ಲ. ಅಂಥ ಕೂಸಿಗೆ ಆಗ ಬೇರೆ ಔಷಧ ಇರಲೂ ಇಲ್ಲ.

ನಮ್ಮ ಕಡೆ ಬಾಣಂತಿ ಕೋಣೆಯಲ್ಲಿ ಶೇಗಡಿ ತುಂಬ ಇದ್ದಿಲು ಹಾಕಿ ಇಡುತ್ತಾರೆ. ಆದರೆ ಈ ಕೂಸಿನ ಎದೆ ಹೂವಿನ ಎಸಳಿನ ಹಾಗೆ ಏರಿಳಿಯುತ್ತಿತ್ತು, ಮುಚ್ಚಿದ ಕೋಣೆಯಲ್ಲಿ ಇದ್ದಿಲ ಹೊಗೆಯನ್ನು ಅದು ತಡೆದುಕೊಳ್ಳುವಂತಿರಲಿಲ್ಲ. ಡಾಕ್ಟರ್ ಆ ಮನೆಯನ್ನು ಒಪ್ಪಿದ್ದಕ್ಕೆ ಕಾರಣ ಬೇರೆಯೇ ಇತ್ತು. ಯಾರೋ ಸಾಹೇಬರು ಬಂಗಲೆ ಖಾಲಿ ಮಾಡಿ ವಿಲಾಯತಿಗೆ ಹೊರಟಾಗ, ಸಾವಕಾರರು ಹರಾಜಿನಲ್ಲಿ ಅವರ ಹೀಟಿಂಗ್ ಸೆಟ್ಟನ್ನು ಕೊಂಡು ತಂದಿದ್ದರು. ಹೆಂಡತಿಯ ಬಾಣಂತನ ಚಳಿಗಾಲ ಮುಗಿಯುವ ಹೊತ್ತಿಗೆ ಬೀಳುತ್ತದೆ, ಹೊಗೆಯಿಲ್ಲದ ಕಾವು, ಬೇಕಾದಷ್ಟು ಬಿಸಿನೀರು ಇರಲಿ ಎಂದು. ಅದನ್ನು ಅವಳು ಒಂದು ದಿನವೂ ಬಳಸಲಿಲ್ಲ.

ಆ ಸೆಟ್ ಹೇಗಿತ್ತೆಂದು ಸ್ವಲ್ಪ ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಬಚ್ಚಲಲ್ಲಿ ಬೀಡುಕಬ್ಬಿಣದ ಒಂದು ಸಣ್ಣ ಬಾಯ್ಲರ್, ಕೆಳಗೆ ಬೆಂಕಿ. ಅದರ ಪಕ್ಕದಲ್ಲಿ ಆಳೆತ್ತರದ ತಾಮ್ರದ ಸಿಲಿಂಡರ್. ನಮ್ಮಲ್ಲಿ ಸ್ನಾನದ ನೀರು ಕಾಸುವ ತಾಮ್ರದ ಪಾತ್ರೆಗೆ ಬಂಬ ಎನ್ನುತ್ತಾರಲ್ಲ, ಹಾಗಾಗಿ ಮನೆಯವರ ಬಾಯಲ್ಲಿ ಅದು ದೊಡ್ಡ ಬಂಬ. ಬಾಯ್ಲರ್‌ನಲ್ಲಿ ಕಾದ ನೀರು ತಾನಾಗಿ ಮೇಲಿನ ಕೊಳವೆಯಿಂದ ಬಂಬಕ್ಕೆ ಏರುತ್ತದೆ, ತಣ್ಣಗಿನದು ಕೆಳಗಿನ ಕೊಳವೆಯಿಂದ ಬಾಯ್ಲರ್‌ಗೆ ಇಳಿಯುತ್ತದೆ. ಹಗಲು ಬೆಂಕಿ ಹಾಕಿ ಬಂಬದ ನೀರನ್ನೆಲ್ಲ ಕಾಸಿ ಇಟ್ಟರೆ, ಇರುಳು ಬೆಂಕಿಯ ಹಂಗಿಲ್ಲ. ಗೋಡೆಯಾಚೆ ಕೂಸಿನ ಕೋಣೆಯಲ್ಲಿ ಪಕ್ಕೆಲುಬಿನಂಥ ಒಂದು ರೇಡಿಯೇಟರ್ ಇತ್ತು. ಅದರ ಚಾವಿ ತಿರುಗಿಸಿದರೆ ಬಂಬದ ಬಿಸಿನೀರು ಅದರೊಳಗೆ ಸುತ್ತಿ, ಬೆಳಗಿನ ತನಕ ಕೋಣೆಗೆ ಕಾವು ಕೊಡುತ್ತಿತ್ತು. ಬಂಬಕ್ಕೆ ನಾನು ಹತ್ತಿ ತುಂಬಿದ ಗೋಣಿಯ ಅಂಗಿ ತೊಡಿಸಿದ್ದೆ. ಇನ್ನು ಬಂಬದ ನೆತ್ತಿಯಿಂದ ಒಂದು ಕೊಳವೆ ಸೂರು ದಾಟಿ ಮಾಳಿಗೆಗೆ ಹೋಗಿ, ಅಲ್ಲಿ ಮೊಣಕಾಲೆತ್ತರದ, ಬಾಯಿ ತೆರೆದ ನೀರಿನ ಟಾಕಿಯೊಂದರ ತಳಕ್ಕೆ ಸೇರುತ್ತಿತ್ತು. ನೀರು ತುಂಬುವುದು ಆ ಟಾಕಿಯಿಂದ. ಕಾದ ನೀರು ಉಬ್ಬಿದರೆ ಅದಕ್ಕೆ ಜಾಗವೂ ಆ ಟಾಕಿಯೇ.

ಉಬ್ಬುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್ ಗಾಜಿನ ಫ್ಲಾಸ್ಕಿನಲ್ಲಿ ಕೆಂಪು ನೀರು ತುಂಬಿ, ಬಿರಡೆಗೆ ಸಣ್ಣ ಕೊಳವೆ ಸಿಕ್ಕಿಸಿ, ಕೆಳಗೆ ದೀಪ ಹಿಡಿದಿದ್ದರು. ಕೆಂಪು ಗೆರೆ ಮೇಲೇರುವುದನ್ನು ನಾವು ಹುಡುಗಿಯರು ಬಾಯಿ ತೆರೆದು ನೋಡಿದ್ದೆವು. ಮೂವತ್ತು ಕೊಡ ನೀರು ಚೆನ್ನಾಗಿ ಕಾದರೆ ಹೆಚ್ಚುಕಡಿಮೆ ಮೂವತ್ತೊಂದು ಕೊಡವಾಗುತ್ತದೆ. ಆ ಒಂದು ಕೊಡಕ್ಕೆ ಟಾಕಿಯಲ್ಲಿ ನಾಲ್ಕು ಬೆರಳು ಜಾಗ ಬೇಕು. ಇಷ್ಟೇ ಲೆಕ್ಕ. ಬಹಳ ಸಿಂಪಲ್ ಎಂದುಕೊಂಡೆ.

ಆ ಮನೆಯಲ್ಲಿ ಮಾತಾಡಲು ನನಗೆ ಯಾರೂ ಇರಲಿಲ್ಲ. ನಾನೂ ಅವರ ಮತದವಳೇ, ಕೊರಳಲ್ಲಿ ಲಿಂಗವೂ ಇತ್ತು. ಆದರೆ ಕಾನ್ವೆಂಟಿನ ಬಾಯಿ, ಆಸ್ಪತ್ರೆಯ ಕೈ. ಊಟ ಪಡಸಾಲೆಯ ಮೂಲೆಗೆ ಬರುತ್ತಿತ್ತು, ತಟ್ಟೆಯನ್ನು ನಾನೇ ತೊಳೆದು ಬೇರೆ ಇಡುತ್ತಿದ್ದೆ. ಸಾವಕಾರರಿಗೆ ಮೂವತ್ತು ದಾಟಿರಲಿಲ್ಲ. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಕೋಣೆಯ ಹೊರಗೆ ನಿಂತು, ಒಳಗೆ ನೋಡದೆ, "ಬಾಯಿ, ಠೀಕ ಐತೇನ್ರಿ?" ಎನ್ನುತ್ತಿದ್ದರು. "ಐತ್ರಿ" ಎಂದರೆ ಹೊರಟುಬಿಡುತ್ತಿದ್ದರು. ಅವರ ತಾಯಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಆಕೆ ನನ್ನೊಡನೆ ಬೇಕಾದಷ್ಟೇ ಮಾತಾಡುವವರು. ಇನ್ನು ಉಳಿದವಳು ಆರಗ ಎಂಬ ಹಳ್ಳಿಯಿಂದ ಕರೆಸಿದ್ದ ಕುರಿಗಾರರ ಹೆಂಗಸು. ಹಿತ್ತಲ ಕೋಣೆಯಲ್ಲಿ ತನ್ನ ಮಗುವಿನೊಡನೆ ಇದ್ದು, ನಮ್ಮ ಕೂಸಿಗೆ ಬೆಳ್ಳಿ ಬಟ್ಟಲಿನಲ್ಲಿ ಎದೆಹಾಲು ಹಿಂಡಿ ಕೊಡುತ್ತಿದ್ದಳು, ಹಾಗಾಗಿ ಎಲ್ಲರಿಗೂ ಅವಳು ಹಾಲಿನವಳು. ನಾನು ಅದನ್ನು ಡ್ರಾಪರ್‌ನಿಂದ ಹನಿಹನಿಯಾಗಿ ಹಾಕುತ್ತಿದ್ದೆ. ಒಂದು ಬಟ್ಟಲು ಮುಗಿಯುವುದರೊಳಗೆ ಮುಂದಿನ ಬಟ್ಟಲಿನ ಹೊತ್ತಾಗುತ್ತಿತ್ತು.

"ಅಕ್ಕಾರ, ನಮ್ಮ ಕುರಿ ಮರಿ ಇದಕ್ಕಿಂತ ದೊಡ್ಡದಿರತಾವ್ರಿ," ಎಂದಳು ಮೊದಲ ದಿನ.

"ಕುರಿ ಮರಿ ಹುಟ್ಟಿದ ಕೂಡ್ಲೆ ಎದ್ದ ನಿಂದರತೈತಿ. ಇದು ನಿಂದರಾಕ ಇನ್ನೂ ವರ್ಸ ಬೇಕಲ್ಲ," ಎಂದೆ.

"ಹೌದ ನೋಡ್ರಿ. ಕುರಿ ಆಗಿ ಹುಟ್ಟಿದ್ರ ಇಷ್ಟೊತ್ತಿಗೆ ಮೇಯಾಕ ಹೋಗತಿತ್ತು."

ಆ ಮನೆಯಲ್ಲಿ ನಾನು ನಕ್ಕದ್ದು ಅದೇ ಮೊದಲು.

ಮೂರ್ನಾಲ್ಕು ದಿನ ಎಲ್ಲ ಸರಿಯಾಗಿ ನಡೆಯಿತು. ಗೋಡೆಯ ಥರ್ಮಾಮೀಟರ್ ಎಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್‌ನ ಆಚೀಚೆ ನಿಲ್ಲುತ್ತಿತ್ತು. ಆಮೇಲೆ ಒಂದು ಮಧ್ಯಾಹ್ನ ಕೂಸಿನ ಬುಟ್ಟಿಯ ಅಂಚಿಗೆ ಕೆಸರಿನ ಒಂದು ಹನಿ ಬಿತ್ತು. ತಲೆಯೆತ್ತಿದೆ. ತೊಲೆಗಳ ನಡುವೆ ಸೂರು ಒದ್ದೆಯಾಗಿ ಕಪ್ಪಿಟ್ಟಿತ್ತು. ಮಣ್ಣಿನ ಮಾಳಿಗೆ ಅದು, ಮಳೆಗಾಲಕ್ಕೆ ಮುಂಚೆ ಮೇಲೆ ಮಣ್ಣು ಬಡಿದು ಗಟ್ಟಿ ಮಾಡುತ್ತಾರೆ, ಚಳಿಗಾಲದಲ್ಲಿ ಅಲ್ಲಿ ನೀರು ಬೀಳುತ್ತದೆಂದು ಯಾರು ಎಣಿಸುತ್ತಾರೆ? ಬುಟ್ಟಿಯನ್ನು ಸರಿಸಿ ಮೇಲೆ ಹತ್ತಿದೆ. ಟಾಕಿ ತುಂಬಿ ತುಳುಕುತ್ತಿತ್ತು. ಸುತ್ತಲ ಮಣ್ಣು ಗಂಜಿಯಂತೆ ಆಗಿ ಉಗಿಯಾಡುತ್ತಿತ್ತು. ಕೈ ಅದ್ದಿದರೆ ನೀರು ಬೆಚ್ಚಗಿತ್ತು.

ನಾನು ಮೊದಲ ದಿನವೇ ಟಾಕಿಯೊಳಗೆ ಸುಣ್ಣದಿಂದ ಗೆರೆ ಎಳೆದು, ತಣ್ಣಗಿದ್ದಾಗ ಇದಕ್ಕಿಂತ ಮೇಲೆ ತುಂಬಬಾರದು ಎಂದು ಹೇಳಿದ್ದೆ. ಇಳಿದು ಬಂದು ಹಾಲಿನವಳನ್ನು ಕೇಳಿದೆ.

"ನಾ ನೀರ ಹೊತ್ತ ಮೆಟ್ಲತನಕ ಇಡಾಕಿ ಅಷ್ಟ್ರಿ. ಹಾಕೂದು ಆಯೀನ. ನಸಕಿನ್ಯಾಗ ದಿನಾ ಕಂಠಮಟ ತುಂಬಸ್ತಾರ. ನಿಮ್ಮ ಗೀಟು ನೀರಾಗ ಮುಳಗಿ ಹೋಗೈತಿ."

ಅಲ್ಲಿಗೆ ತಿಳಿಯಿತು. ಇರುಳೆಲ್ಲ ಕಾವು ಕೊಟ್ಟ ನೀರು ತಣಿದು ಕುಗ್ಗುತ್ತದೆ, ಟಾಕಿ ನಾಲ್ಕು ಬೆರಳು ಇಳಿಯುತ್ತದೆ. ನಸುಕಿನಲ್ಲಿ ಆಯಿ ಅದನ್ನು ನೋಡಿ ಅಂಚಿನವರೆಗೆ ತುಂಬುತ್ತಾರೆ. ನಾನು ಬೆಂಕಿ ಹಾಕುತ್ತೇನೆ. ಮಧ್ಯಾಹ್ನಕ್ಕೆ ಒಂದು ಕೊಡ ನೀರು ಹೊರಬೀಳಲೇಬೇಕು.

ಆಯಿಯ ಬಳಿ ಹೋಗಿ, "ನಾಕ ಬೆರಳ ಖಾಲಿ ಬಿಡ್ರಿ ಆಯಿ, ಕೂಸಿನ ಸಲುವಾಗಿ" ಎಂದೆ. ಆಕೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಮುಖ ತಿರುಗಿಸಲಿಲ್ಲ.

"ಖಾಲಿ ಟಾಕಿ ನೆತ್ತಿ ಮ್ಯಾಲ ಇಟಗೊಂಡ ಈ ಮನ್ಯಾಗ ದೀಪ ಹಚ್ಚಂಗಿಲ್ಲ ಬಾಯಾರ. ಕೂಸಿನ ಸಲುವಾಗೆನ ಹೇಳ್ತೀನಿ."

"ಖಾಲಿ ಅಲ್ರಿ, ನಾಕ ಬೆರಳ..."

"ತುಂಬಿಲ್ಲ ಅಂದ್ರ ಖಾಲೀನ."

ಮಾತು ಅಲ್ಲಿಗೆ ಮುಗಿಯಿತು. ಸೂಪರ್‌ಸ್ಟಿಷನ್ ಎಂದು ಮನಸ್ಸಿನಲ್ಲೇ ಅಂದುಕೊಂಡು ಹಿಂತಿರುಗಿದೆ. ಆಗ ನನಗೆ ಇಪ್ಪತ್ತಾರು.

ಮರುದಿನ ಕೂಸಿನ ತೂಕ, ಹಾಲಿನ ಅಳತೆ ತಿಳಿಸಲು ನಾನು ಡಾಕ್ಟರರ ಬಳಿ ಮಿರಜಕ್ಕೆ ಹೋಗಬೇಕಿತ್ತು. ಕೂಸನ್ನು ಹಾಲಿನವಳಿಗೆ ಒಪ್ಪಿಸಿ, ಬೆಂಕಿಯನ್ನು ಸಣ್ಣದಾಗಿ ಇಡಬೇಕೆಂದು ಹೇಳಿ ಹೋದೆ. ಮಧ್ಯಾಹ್ನ ತಿರುಗಿ ಬಂದಾಗ ಬಚ್ಚಲಿನಲ್ಲಿ ಒಬ್ಬ ಮಿಸ್ತ್ರಿ ಕೂತು ಬೀಡಿ ಸೇದುತ್ತಿದ್ದ. ಮಿರಜದ ರೈಲ್ವೆ ಶೆಡ್ಡಿನಲ್ಲಿ ಇಂಜಿನ್ನಿನ ಕೊಳವೆ ಜೋಡಿಸುವವನು. ಸೂರು ಸೋರುವುದನ್ನು ಕಂಡು ಸಾವಕಾರರು ಹೇಳಿಕಳಿಸಿದ್ದರು.

"ಆತು ಬಾಯಿಸಾಬ, ನಿಮ್ಮ ತ್ರಾಸ ಮುಗೀತು," ಎಂದ. ಬಂಬದ ನೆತ್ತಿಯ ಕೊಳವೆಗೆ, ತಿರುಗಿಸಿ ಮುಚ್ಚುವಂಥ ಹೊಚ್ಚ ಹೊಸ ಹಿತ್ತಾಳೆಯ ಕಾಕ್ ಹಾಕಿದ್ದ. "ನೀರ ತುಂಬೂ ಮುಂದ ತಗೀರಿ, ಬೆಂಕಿ ಹಚ್ಚೂ ಮುಂದ ಬಂದ ಮಾಡ್ರಿ. ಮ್ಯಾಲ ಒಂದ ಹನಿ ಹೋಗೂದಿಲ್ಲ."

"ಈಗ ಬಂದ ಐತೇನು?"

"ಮುಂಜಾನೆನ ಬಂದ ಮಾಡೇನಿ. ಬೆಂಕಿನೂ ಜೋರ ಮಾಡೇನಿ, ಸೋರತೈತೇನ ನೋಡಾಕ. ಸೋರಿಲ್ಲ. ಇಂಜನ್ನದಾಗ ಒಂದ ಹನಿ ಸೋರಿದ್ರ ಫೋರಮನ್ ನನ್ನ ಚರ್ಮ ಸುಲೀತಾನ. ನಾ ಬಿಗಿ ಮಾಡಿದ್ದು ಸೋರೂದಿಲ್ಲ."

"ಸೋರೂದಿಲ್ಲ, ಅದ ನನಗ ಅಂಜಿಕಿ," ಎಂದೆ.

ಆಗಲೇ ಬಂಬದೊಳಗಿಂದ ಧಡ್ ಎಂದು ಶಬ್ದ ಬಂತು, ದೊಡ್ಡ ಹರಿವಾಣವನ್ನು ಯಾರೋ ಬಡಿದ ಹಾಗೆ. ಮಿಸ್ತ್ರಿಯ ಬಾಯಿಂದ ಬೀಡಿ ಬಿತ್ತು. ಬಗ್ಗಿ ನೋಡಿದೆ. ಬಂಬದ ತಳ ಬಟ್ಟಲನ್ನು ಕವುಚಿಟ್ಟಂತೆ ಒಳಕ್ಕೆ ಬಾಗಿರಬೇಕಿತ್ತು. ಅದು ಹೊರಕ್ಕೆ ಉಬ್ಬಿ, ಬಂಬ ಇಟ್ಟಿಗೆಯ ಮೇಲೆ ಒಂದು ಕಡೆ ವಾಲಿತ್ತು. ಬೆಸುಗೆಯ ಸುತ್ತ ನೀರು ಮಣಿಮಣಿಯಾಗಿ ಬೆವರುತ್ತಿತ್ತು. ನೆತ್ತಿಯ ಮೇಲೊಂದು ಸೇಫ್ಟಿ ವಾಲ್ವ್ ಇತ್ತು, ನಿಜ. ಆದರೆ ಹಳೆಯ ನೀರಿನ ಸುಣ್ಣ ಕಟ್ಟಿ ಅದು ಎಂದೋ ಕಲ್ಲಾಗಿತ್ತು. ಅದನ್ನು ನಾನೂ ನೋಡಿರಲಿಲ್ಲ, ಅವನೂ ನೋಡಿರಲಿಲ್ಲ. ಬಂಬಕ್ಕೂ ಕೂಸಿನ ಬುಟ್ಟಿಗೂ ನಡುವೆ ಒಂದು ಮಣ್ಣಿನ ಗೋಡೆ ಮಾತ್ರ.

"ಕಾಕ್ ತಗೀಲೇನ್ರಿ?" ಎಂದ ಮಿಸ್ತ್ರಿ. ಅವನ ಧ್ವನಿ ಸಣ್ಣದಾಗಿತ್ತು.

"ಮುಟ್ಟಬ್ಯಾಡ. ಮೊದಲ ಬೆಂಕಿ ಎಳಿ."

ಒಮ್ಮೆಲೇ ತೆರೆದರೆ ಒಳಗೆ ಸಿಕ್ಕಿಕೊಂಡ ನೀರು ಉಗಿಯಾಗಿ ನುಗ್ಗೀತೆಂದು ನನಗೆ ಹೆದರಿಕೆ. ಅವನು ಸಲಿಕೆಯಿಂದ ಕೆಂಡವನ್ನೆಲ್ಲ ಅಂಗಳಕ್ಕೆ ಎಳೆದು ಹಾಕಿದ. ನಾನು ಗೋಡೆಗೆ ಒತ್ತಿ ನಿಂತು, ಕೈಗೆ ಗೋಣಿ ಸುತ್ತಿಕೊಂಡು, ಸ್ನಾನಕ್ಕೆಂದು ಬಂಬಕ್ಕೆ ಇದ್ದ ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ. ನೀರು ಕುದಿಯುತ್ತ ಸೀಳಿಕೊಂಡು ಬಂತು. ಸ್ವಲ್ಪ ಹೊತ್ತಿಗೆ ಅದರ ಸಿಟ್ಟು ಇಳಿಯಿತು, ಮತ್ತೆ ಸ್ವಲ್ಪ ತಿರುಗಿಸಿದೆ. ನೀರು ಸಾಧಾರಣ ನಲ್ಲಿಯ ನೀರಿನ ಹಾಗೆ ಬೀಳತೊಡಗಿದ ಮೇಲೆ ಮಿಸ್ತ್ರಿ ಮೇಲಿನ ಕಾಕ್ ತೆರೆದ. ಬಂಬ ನಿಟ್ಟುಸಿರಿಟ್ಟಂತೆ ಸದ್ದು ಮಾಡಿತು.

ಬೆಂಕಿ ಹೋಯಿತು, ಕಾದ ನೀರು ಅರ್ಧಕ್ಕರ್ಧ ಹೋಯಿತು. ಬೆಸುಗೆ ಹಾಕದೆ ಮತ್ತೆ ಬೆಂಕಿ ಹಚ್ಚುವಂತಿರಲಿಲ್ಲ. ಇಳಿಹೊತ್ತಿಗೆ ಕೋಣೆ ತಣ್ಣಗಾಗುತ್ತ ಬಂತು. ಕೂಸಿನ ಪಾದ ಮುಟ್ಟಿದರೆ ಕೆರೆಯ ಕಲ್ಲು. ನಾನು ರವಿಕೆಯ ಗುಂಡಿ ಬಿಚ್ಚಿ, ಅದನ್ನು ಬರಿಮೈಯಲ್ಲಿ ಎದೆಗೆ ಹಾಕಿಕೊಂಡು, ಮೇಲೆ ಸೀರೆ, ಮೇಲೆ ಹಾಲಿನವಳ ಕರಿಯ ಕಂಬಳಿ ಸುತ್ತಿ ಗೋಡೆಗೆ ಒರಗಿ ಕೂತೆ. ಆಸ್ಪತ್ರೆಯಲ್ಲಿ ಹೀಗೆ ಮಾಡಿದರೆ ಮೇಟ್ರನ್ ನನ್ನನ್ನು ಹೊರಗೆ ಹಾಕುತ್ತಿದ್ದರು.

ಹಾಲಿನವಳು ಬಟ್ಟಲು ಹಿಡಿದು ಬಂದವಳು ನೋಡಿ ನಿಂತಳು. "ಅಕ್ಕಾರ, ಈಗ ನೀವ ಬಂಬ ಆದ್ರಿ," ಎಂದಳು. ಕೆಳಗೆ ಕೂತು ನನ್ನ ಕಾಲಿಗೂ ಒಂದು ಕೌದಿ ಹೊದಿಸಿದಳು.

ಸಾವಕಾರರು ಅಂಗಡಿಯಿಂದ ಓಡಿ ಬಂದಿದ್ದರು. ಆ ದಿನವೂ ಹೊಸ್ತಿಲ ಹೊರಗೇ ನಿಂತರು. "ಬೆಂಕಿ ಯಾಕ ಆರಿಸಿದ್ರಿ ಬಾಯಿ? ಕೂಸಿಗೆ ಕಾಹೀ ಝಾಲಂ ತರ, ಏನರೆ ಆದ್ರ?"

"ಬಂಬ ಒಡದಿದ್ರ ಗ್ವಾಡಿನೂ ಇರತಿರಲಿಲ್ರಿ, ಕೂಸೂ ಇರತಿರಲಿಲ್ಲ."

ಅವರು ಬಚ್ಚಲಿನ ಕಡೆ ತಿರುಗಿದರು. "ನಾ ತಂದದ್ದ ಇದು," ಎಂದರು. ಆಮೇಲೆ, "ನಾಳಿಗೆ ಟಾಂಗಾ ಹೇಳ್ತೀನಿ. ಮಿರಜಕ್ಕ ಒಯ್ದಬಿಡ್ರಿ. ಈ ಮನ್ಯಾಗ ಇನ್ನೊಂದ ಹೆಣಾ ನನ್ನಿಂದ ಆಗೂದಿಲ್ಲ."

"ದಾರ್‍ಯಾಗ ಗಾಳಿ ಐತ್ರಿ. ಡಾಕ್ಟರ್ ಬ್ಯಾಡಂದಾರ. ನನಗ ನಾಳಿ ಒಂದ ದಿನಾ ಕೊಡ್ರಿ. ಸಂಜೀತನಕ ಕೋಣಿ ಬೆಚ್ಚಗಾಗಲಿಲ್ಲಂದ್ರ ನೀವು ಹೇಳಿದಂಗ."

ಅವರು ಪಡಸಾಲೆಗೆ ಹೊರಟುಹೋದರು. ಮಿಸ್ತ್ರಿ ಮಾತ್ರ ತನ್ನ ಪೆಟ್ಟಿಗೆ ತೆಗೆದುಕೊಂಡು ಬಚ್ಚಲಿನಲ್ಲೇ ಕೂತ. ಉಳಿದ ನೀರನ್ನೆಲ್ಲ ಬಸಿದು ಬೆಸುಗೆ ಹಾಕಿ, ವಾಲ್ವನ್ನು ಬಿಚ್ಚಿ ಹುಣಸೆಹುಳಿಯಲ್ಲಿ ನೆನೆಸಿ ಸುಣ್ಣ ಕೆರೆದ. ತಾನೇ ಹಾಕಿದ ಹೊಸ ಕಾಕನ್ನು ಬಿಚ್ಚಿ ತೆಗೆದು ಅಲ್ಲಿ ಬರಿ ಕೊಳವೆ ಕೂರಿಸಿದ. ಹೋಗುವಾಗ, "ಇಂಜನ್ನದಾಗ ಉಗಿ ದುಡೀತೈತ್ರಿ, ಖರ್ಚಾಕ್ಕೈತಿ. ಇಲ್ಲೆ ಅದಕ್ಕ ಕೆಲಸ ಇಲ್ಲಂತ ನನಗ ಹೊಳೀಲಿಲ್ಲ," ಎಂದ.

ಇರುಳು ಕಳೆಯಿತು. ಕೂಸು ನನ್ನ ಎದೆಯ ಮೇಲೆ ಉಸಿರಾಡುತ್ತಲೇ ಇತ್ತು. ಅಷ್ಟು ಹತ್ತಿರ ಯಾವ ಜೀವವೂ ನನ್ನ ಬಳಿ ಹಾಗೆ ಮಲಗಿರಲಿಲ್ಲ, ಆಮೇಲೂ ಮಲಗಲಿಲ್ಲ. ಅದನ್ನು ಇಲ್ಲಿ ಇಷ್ಟೇ ಹೇಳುತ್ತೇನೆ.

ಬೆಳಗಾದೊಡನೆ ಕೂಸನ್ನು ಹಾಲಿನವಳ ಎದೆಗೆ ಕೊಟ್ಟು ಮಾಳಿಗೆ ಹತ್ತಿದೆ. ಬೆಸುಗೆ ಹಾಕಿದ ಬಂಬಕ್ಕೆ ಮತ್ತೆ ನೀರು ತುಂಬಿಸಬೇಕಿತ್ತು. ಆಯಿ ಆಗಲೇ ಕೊಡ ಹಿಡಿದು ನಿಂತಿದ್ದರು. ಟಾಕಿ ಬರಿದಾಗಿತ್ತು. ಆಕೆ ಕೊಡವನ್ನು ಎದೆಗೆ ಅವಚಿಕೊಂಡಿದ್ದರು. ನದಿಯಾಚೆ ಸಾಂಗ್ಲಿವಾಡಿಯ ಕಡೆ ಇನ್ನೂ ಮಂಜು ಇತ್ತು. ನಾನು ವಾದ ಮಾಡಬೇಕೆಂದೇ ಹೋದವಳು. ಫ್ಲಾಸ್ಕು, ಕೆಂಪು ಗೆರೆ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಆಕೆ ಕೊಡ ಹಿಡಿದಿದ್ದ ರೀತಿ ನೋಡಿ, "ಕುಂದ್ರಿ ಆಯಿ" ಎಂದೆ ಅಷ್ಟೆ.

ಆಕೆ ಕೂತರು. ಕೊಡವನ್ನು ಮಡಿಲಿಂದ ಇಳಿಸಲಿಲ್ಲ.

"ಅವತ್ತ ಬಾವ್ಯಾಗ ಹಗ್ಗ ಹರದಿತ್ತು," ಎಂದರು. "ಸಂಜೀ ಮುಂದ. ನೀರ ಸೇದವ್ರಿಲ್ಲ. ಕೊಡಾ ಎಲ್ಲಾ ಬರಿದು. ಸೊಸಿ ಅಂದಳು, ಆಯಿ, ಒಂದ ತಂಬಿಗಿ ನೀರರೆ ತುಂಬಿಡೂನು ನಿಂದರ್ರಿ ಅಂತ. ನಾನ ಕೇಳಲಿಲ್ಲ. ಹೊತ್ತಾತು ಅಂತ ದೀಪಾ ಹಚ್ಚಿಬಿಟ್ಟೆ. ಆ ರಾತ್ರೀನ ಆಕಿಗೆ ಬ್ಯಾನಿ ಹತ್ತಿದ್ವು. ಏಳ ತಿಂಗಳಿಗೆ."

ಹಗ್ಗಕ್ಕೂ ಹೆರಿಗೆಗೂ ಸಂಬಂಧವಿಲ್ಲ ಎಂದು ನರ್ಸಿಂಗ್ ಪುಸ್ತಕದ ಮಾತು ಹೇಳಬಹುದಿತ್ತು. ಆಕೆ ಅದನ್ನು ಕೇಳಿಸಿಕೊಳ್ಳುತ್ತಲೂ ಇದ್ದರು, ಮರುದಿನ ನಸುಕಿಗೆ ಎದ್ದು ಟಾಕಿ ತುಂಬುತ್ತಲೂ ಇದ್ದರು. ಆಕೆಯ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತೆ. ನನ್ನ ಯೋಚನೆ ಒಂದೇ ಕಡೆ ಸುತ್ತುತ್ತಿತ್ತು. ದೀಪ ಹಚ್ಚುವ ಹೊತ್ತು. ಆಕೆ ಎರಡು ಸಲವೂ ಹೇಳಿದ್ದು ಅದನ್ನೇ.

"ಆಯಿ, ಟಾಕಿ ಯಾವಾಗ ತುಂಬಿರಬೇಕ್ರಿ? ನಸಕಿನ್ಯಾಗನೋ, ದೀಪಾ ಹಚ್ಚೂ ಮುಂದನೋ?"

"ದೀಪಾ ಹಚ್ಚೂ ಮುಂದ. ನಸಕಿನ್ಯಾಗ ತುಂಬಿದ್ರ ಸಂಜೀಮಟಾ ಇರತೈತಿ ಅಂತ ಆವಾಗ ತುಂಬತೀನಿ."

"ನಸಕಿನ್ಯಾಗ ನಾಕ ಬೆರಳ ಇಳದಿದ್ರ ನಡೀತೈತೇನ್ರಿ?"

"ಬೆಳಕ ಹರದ ಮ್ಯಾಲ ಯಾವ ಕೊಡಾ ತುಂಬಿರತೈತಿ? ನಡೀತೈತಿ. ದೀಪದ ಹೊತ್ತಿಗೆ ಮಾತ್ರ ತುಂಬಿರಬೇಕು."

ಅಂದರೆ ಮಾಡಬೇಕಾದದ್ದು ಇಷ್ಟೇ: ನೀರು ಅತ್ಯಂತ ಬಿಸಿಯಾಗಿ, ಪೂರ್ತಿ ಉಬ್ಬಿ ನಿಂತ ಗಳಿಗೆಗೂ ದೀಪದ ಗಳಿಗೆಗೂ ಗಂಟು ಹಾಕುವುದು. ಅಲ್ಲಿಯ ತನಕ ನಾನು ಬೆಳಿಗ್ಗೆ ಬೆಂಕಿ ಹಾಕುತ್ತಿದ್ದೆ, ಆಕೆ ಬೆಳಿಗ್ಗೆ ನೀರು ತುಂಬುತ್ತಿದ್ದರು. ಅವತ್ತು ಬಂಬ ಭರ್ತಿಯಾಗಿ ಟಾಕಿಯ ತಳ ಮುಚ್ಚುವಷ್ಟೇ ನೀರು ಹಾಕಿಸಿದೆ. ಮಧ್ಯಾಹ್ನದ ಊಟವಾದ ಮೇಲೆ ಬೆಂಕಿ ಹಚ್ಚಿದೆ. ಆಗಾಗ ಮೇಲೆ ಹತ್ತಿ ನೋಡಿದೆ, ನೀರು ಮೆಲ್ಲಗೆ ಏರುತ್ತಿತ್ತು. ಹೊತ್ತು ಮುಳುಗುವುದಕ್ಕೆ ಮುಂಚೆ ಬೆಂಕಿಯನ್ನು ಪೂರ್ತಿ ಎಳೆದು ಹಾಕಿದೆ. ಬಾಯ್ಲರ್‌ನ ಕಬ್ಬಿಣದಲ್ಲಿ ಉಳಿದ ಕಾವೂ ನೀರಿಗೆ ಇಳಿಯುವ ತನಕ ಕಾದೆ. ಆಮೇಲೆ ಆಯಿಗೆ, "ಈಗ ತುಂಬ್ರಿ" ಎಂದೆ.

ಆಕೆ ಕೊಡದಿಂದ ನಿಧಾನವಾಗಿ ಹಾಕಿದರು. ಅಂಚಿಗೆ ಬಂತು. ತುಳುಕಲಿಲ್ಲ. ಆಕೆ ಅಂಚಿನ ಮೇಲೆ ಅಂಗೈ ಆಡಿಸಿ ನೋಡಿ, ಇಳಿದು ಹೋಗಿ ದೀಪ ಹಚ್ಚಿದರು. ನಾನು ರೇಡಿಯೇಟರ್‌ನ ಚಾವಿ ತಿರುಗಿಸಿದೆ. ಕಬ್ಬಿಣದ ಪಕ್ಕೆಲುಬುಗಳು ಒಂದೊಂದಾಗಿ ಟಿಕ್ ಟಿಕ್ ಎಂದವು. ಸಾವಕಾರರು ಹೊಸ್ತಿಲ ಹೊರಗಿನಿಂದ ಕೈ ಚಾಚಿ ಒಳಗಿನ ಗಾಳಿ ಮುಟ್ಟಿ ನೋಡಿದರು. ಟಾಂಗಾದ ಮಾತು ಮತ್ತೆ ಎತ್ತುತ್ತಾರೇನೋ ಎಂದು ನಾನು ಕಾಯುತ್ತಿದ್ದೆ. ಎತ್ತಲಿಲ್ಲ.

ಮರುದಿನ ನಸುಕಿನಲ್ಲಿ ಟಾಕಿ ನಾಲ್ಕು ಬೆರಳು ಇಳಿದಿತ್ತು. ಆಯಿ ನೋಡಿ ಕೆಳಗೆ ಬಂದರು, ತುಂಬಲಿಲ್ಲ. ಆದರೆ ಆಕೆಗೆ ಅದು ಎಲ್ಲಿಗೆ ಹೋಯಿತು ಎಂಬ ಚಿಂತೆ ಹೋಗಿರಲಿಲ್ಲ.

"ಸೋರಿಲ್ಲ, ಚೆಲ್ಲಿಲ್ಲ. ಮತ್ತ ನೀರ ಎಲ್ಲಿ ಹೋತ್ರಿ ಬಾಯಾರ?"

"ಎಲ್ಲೂ ಹೋಗಿಲ್ರಿ. ಅದರಾಗಿನ ಕಾವು ಕೂಸಿಗೆ ಹೋತು. ಕಾವು ಹೋದಷ್ಟೂ ನೀರ ಇಳೀತೈತಿ."

ಆಕೆ ಅದನ್ನು ಮನಸ್ಸಿಗೆ ಹಾಕಿಕೊಂಡರು. ಆಮೇಲಿನ ದಿನಗಳಲ್ಲಿ ನಾನು ಕೂಸಿನ ಟೆಂಪರೇಚರ್ ನೋಡುವ ಹೊತ್ತಿಗೆ ಆಕೆ ಮಾಳಿಗೆಯಿಂದ ಇಳಿದು ಬಂದು, ಬೆರಳು ಮಡಿಚಿ ತೋರಿಸುತ್ತಿದ್ದರು. ಚಳಿ ಹೆಚ್ಚಿದ್ದ ದಿನ, "ಇವತ್ತ ಐದ ಬೆರಳ ಕುಡದಾಳ ನೋಡ್ರಿ" ಎನ್ನುವರು. ಹಾಲು ಕುಡಿದದ್ದಕ್ಕಿಂತ ಅದರ ಲೆಕ್ಕವೇ ಆಕೆಗೆ ಹೆಚ್ಚು. ಹೊಸ್ತಿಲಲ್ಲಿ ಕೂತು ಸ್ವಲ್ಪ ಹೊತ್ತು ಸೊಸೆಯ ಮಾತು ಆಡುವರು. ಅವಳು ಬೇಡಗ ಎಂಬ ಊರಿನವಳಂತೆ. ಹುರಿದ ಶೇಂಗಾ ಸೆರಗಿನಲ್ಲಿ ಕಟ್ಟಿಕೊಂಡೇ ಮನೆಯೆಲ್ಲ ಓಡಾಡುತ್ತಿದ್ದಳಂತೆ. ಹೇಳುತ್ತ ಹೇಳುತ್ತ ಆಕೆ ಒಳಗೆ ಬಂದು ಬುಟ್ಟಿಯ ಪಕ್ಕದಲ್ಲೇ ಕೂರತೊಡಗಿದರು. ಡ್ರಾಪರ್ ಹಿಡಿಯಲು ಕಲಿತರು. ಒಂದು ಸಂಜೆ ಸಾವಕಾರರೂ ಬಂದರು. ಕೂಸಿನ ಮುಷ್ಟಿಗೆ ಬೆರಳು ಕೊಟ್ಟರು, ಅದು ಹಿಡಿಯಿತು. ಅವರು ಬೆರಳು ಬಿಡಿಸಿಕೊಳ್ಳಲಾಗದೆ ಬಹಳ ಹೊತ್ತು ಬಗ್ಗಿಕೊಂಡೇ ಇದ್ದರು. ನಾನು ಹೊರಗೆ ಬಂದು ಬಚ್ಚಲಿನಲ್ಲಿ ನಿಂತೆ. ಅಲ್ಲಿ ಮಾಡುವಂಥ ಕೆಲಸವೇನೂ ಇರಲಿಲ್ಲ.

ಮಾಘ ಮುಗಿಯುತ್ತ ಬಂದಂತೆ ಗಾಳಿ ತಿರುಗಿತು. ಕೂಸಿನ ಕೆನ್ನೆ ತುಂಬಿತ್ತು, ಅಳು ಪಡಸಾಲೆಗೆ ಕೇಳುವಷ್ಟಾಗಿತ್ತು. ಡಾಕ್ಟರ್ ಬಂದು ನೋಡಿ, ಎರಡು ದಿನ ಬೆಂಕಿ ಹಾಕದೆ ನೋಡೋಣ ಎಂದರು. ಮಗು ತನ್ನ ಟೆಂಪರೇಚರ್ ತಾನೇ ಹಿಡಿದುಕೊಂಡರೆ ನನ್ನ ಡ್ಯೂಟಿ ಮುಗಿದ ಹಾಗೆ. ಆ ಎರಡು ದಿನ ನಾನು ಮಗುವಿಗಾಗಿ ಒಂದು ಬೇಡಿಕೊಂಡೆ, ನನಗಾಗಿ ಇನ್ನೊಂದು. ಎರಡೂ ಒಟ್ಟಿಗೆ ಆಗುವಂಥವಲ್ಲ.

ಎರಡು ದಿನ ಕಳೆದ ಬೆಳಿಗ್ಗೆ ಕೂಸಿನ ಕಂಕುಳಿಂದ ಥರ್ಮಾಮೀಟರ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಎಲ್ಲಿರಬೇಕೋ ಅಲ್ಲೇ ಇತ್ತು. ಮೆಟ್ಟಿಲ ಮೇಲೆ ಆಯಿಯ ಹೆಜ್ಜೆ ಕೇಳಿಸಿತು. ಆಕೆ ಒಳಗೆ ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬುಟ್ಟಿಯಿಂದ ಮೊಮ್ಮಗಳನ್ನು ಎತ್ತಿಕೊಂಡರು.

"ಟಾಕಿ ಒಂದ ಬೆರಳೂ ಇಳದಿಲ್ಲ," ಎಂದರು. ಮುಖದಲ್ಲಿ ನಾನು ಆ ತನಕ ಕಾಣದ ಒಂದು ನಗೆ ಇತ್ತು. "ಕೂಸು ತನ್ನ ಕಾವ ತಾನ ಇಟಗೊಂಡೈತಿ. ನೀವಿನ್ನ ಹೋಗಬಹುದ್ರಿ, ಬಾಯಾರ."